ಹಲಗೆಯಿಲ್ಲದ ಮೆರವಣಿಗೆ

ಹೋದ ತಿಂಗಳು ಕಚೇರಿಯ ಕೆಲಸದ ಮೇಲೆ ಸಿಂಧನೂರಿಗೆ ಹೋಗಿದ್ದೆ. ಬಸ್ಸು ಊರೊಳಗೆ ತಿರುಗುವ ಮೊದಲೇ ಕಿಟಕಿಯಿಂದ ಕುದಿಸಿದ ಭತ್ತದ ವಾಸನೆ ಬಂತು. ರೈಸ್ ಮಿಲ್ಲುಗಳ ಊರು ಅದು. ಅಲ್ಲೇ ಇರುವವರಿಗೆ ಆ ವಾಸನೆ ಗೊತ್ತಾಗುವುದಿಲ್ಲ. ಅಲ್ಲಿದ್ದಷ್ಟು ವರ್ಷ ನನಗೂ ಗೊತ್ತಾಗಿರಲಿಲ್ಲ. ಈಗ ವರ್ಗವಾಗಿ ಕಲಬುರಗಿ ಸೇರಿದ ಮೇಲೆ, ಆ ಬೆಚ್ಚಗಿನ, ಚೂರು ಹುಳಿ ಬೆರೆತ, ತೊಯ್ದ ಗೋಣಿಚೀಲದ ವಾಸನೆ ಮೂಗಿಗೆ ಬಿದ್ದದ್ದೇ ಕಣ್ಣು ತುಂಬಿತು. ಪಕ್ಕದ ಸೀಟಿನ ಹೆಣ್ಣುಮಗಳು "ಕಣ್ಣಾಗ ಧೂಳು ಬಿತ್ತೇನ್ರೀ?" ಎಂದು ಕೇಳಿದಳು. ಹೌದೆಂದೆ. ಬಸ್ಸಿನ ಪರಿಚಯದವಳಿಗೆ ಅಪ್ಪನ ಕಥೆ ಎಲ್ಲಿಂದ ಶುರು ಮಾಡಿ ಹೇಳುವುದು?

ನನಗೆ ನೆನಪಾದದ್ದು ಒಂದು ಬೇಸಿಗೆ. ಅಪ್ಪ ನೆಟ್ಟಗೆ ನಡೆದಾಡಿಕೊಂಡಿದ್ದ ಕೊನೆಯ ಬೇಸಿಗೆ ಅದು. ಆಗ ನಾನು ಸಿಂಧನೂರಿನ ಕಾಲುವೆ ಕಚೇರಿಯಲ್ಲಿ ಗುಮಾಸ್ತೆ. ಬೇಸಿಗೆ ಬಂತೆಂದರೆ ನಮ್ಮ ಕಚೇರಿ ಕಾದ ಹೆಂಚು. ಎರಡನೆಯ ಬೆಳೆಗೆ ಇನ್ನಷ್ಟು ದಿನ ನೀರು ಬಿಡಿ ಎಂದು ಕಾಲುವೆಯ ಕೊನೆ ಭಾಗದ ರೈತರು ಬಂದು ಕುಳಿತರೆ ಸಾಹೇಬರು ಹಿಂಬಾಗಿಲಿಂದ ಮಾಯವಾಗುತ್ತಿದ್ದರು. ಬೈಸಿಕೊಳ್ಳಲು ನಾನಿದ್ದೆ. ಹೀಗಾಗಿ ನನ್ನ ನಾಲಿಗೆಯೂ ಸ್ವಲ್ಪ ಹರಿತವಾಗಿತ್ತು. ಮನೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಅವ್ವ ತೀರಿಕೊಂಡ ಮೇಲೆ ಮಸ್ಕಿಯಿಂದ ಅವನನ್ನು ನನ್ನ ಬಳಿ ಕರೆತಂದಿದ್ದೆ. ನನಗೆ ಮದುವೆಯಾಗಲಿಲ್ಲ, ಅಥವಾ ನಾನೇ ಆಗಲಿಲ್ಲ. ಅದು ಬೇರೆಯೇ ಪುರಾಣ.

ಅಪ್ಪನ ಹೆಸರು ದುರುಗಪ್ಪ. ಹರೆಯದಲ್ಲಿ ಅವನು ಹಲಗೆ ಬಾರಿಸುತ್ತಿದ್ದ. ಇಷ್ಟಪಟ್ಟು ಬಾರಿಸಿದ್ದಲ್ಲ. ಊರಲ್ಲಿ ಮದುವೆಯಾಗಲಿ, ಸಾವಾಗಲಿ, ದೇವರು ಹೊರಡಲಿ, ನಮ್ಮ ಕೇರಿಗೆ ಹೇಳಿಕಳಿಸುತ್ತಿದ್ದರು, ಹೋಗಲೇಬೇಕಿತ್ತು. ಮೆರವಣಿಗೆಯಲ್ಲಿ ಎಲ್ಲರಿಗಿಂತ ಮುಂದೆ, ಊಟಕ್ಕೆ ಎಲ್ಲರಿಗಿಂತ ಹಿಂದೆ, ಅದೂ ಅಂಗಳದ ಆಚೆ. ಒಂದು ವರ್ಷ ಕೇರಿಯ ಗಂಡಸರೆಲ್ಲ ಕೂಡಿ ಇನ್ನು ಬಾರಿಸುವುದಿಲ್ಲ ಎಂದು ಗಟ್ಟಿ ಮನಸ್ಸು ಮಾಡಿದರು. ಅದಕ್ಕೆ ಬಹಳ ದಿನ ಅವರನ್ನು ಕೂಲಿಗೂ ಯಾರೂ ಕರೆಯಲಿಲ್ಲವಂತೆ. ಆಮೇಲೆ ಅಪ್ಪ ಶಾಲೆಯೊಂದರ ಜವಾನನಾದ, ನನ್ನನ್ನು ಓದಿಸಿದ. ನಾನು ಹುಟ್ಟುವ ಹೊತ್ತಿಗೆ ಮನೆಯಲ್ಲಿ ಹಲಗೆ ಇರಲಿಲ್ಲ. ಅದರ ಮಾತನ್ನೂ ಅವನು ಎತ್ತುತ್ತಿರಲಿಲ್ಲ.

ಲಿಂಗಸೂಗೂರು, ಮಸ್ಕಿ, ಸಿಂಧನೂರುಗಳಲ್ಲಿ ನೌಕರಿಗೆ ಸೇರಿದ ನಮ್ಮಂಥ ಒಂದಷ್ಟು ಮನೆಗಳವರು ಪ್ರತಿವರ್ಷ ಬುದ್ಧ ಹುಣ್ಣಿಮೆಯ ದಿನ ಮಸ್ಕಿಯಲ್ಲಿ ಕೂಡುತ್ತೇವೆ. ಅಶೋಕನ ಶಾಸನದ ಬಂಡೆಯವರೆಗೆ ನಡೆದು ಹೋಗಿ ಹೂವಿಟ್ಟು ಬರುತ್ತೇವೆ. ಮುಂದೆ ಒಂದು ಮೂರು ಗಾಲಿಯ ಟಂಟಂ ಗಾಡಿ, ಅದರ ಮೇಲೆ ಸ್ಪೀಕರು, ಸ್ಪೀಕರಿನಲ್ಲಿ ಎಲ್ಲಿಂದಲೋ ತಂದ ಹಾಡು. ಆ ವರ್ಷ ಬಂಡೆಯ ಹತ್ತಿರ ನಿಲ್ಲದೆ ಗುಡ್ಡದ ನೆತ್ತಿಯವರೆಗೂ ಹೋಗೋಣ ಎಂದು ಮಾತಾಯಿತು. ಟಂಟಂ ಗುಡ್ಡ ಹತ್ತುವುದಿಲ್ಲವಲ್ಲ. ಹಾಗಾದರೆ ಬಾಜಾಬಜಂತ್ರಿಗೆ ಏನು ಮಾಡುವುದು ಎಂಬ ಚರ್ಚೆ ನಮ್ಮ ಮನೆಯ ಪಡಸಾಲೆಯಲ್ಲಿ ನಡೆಯಿತು.

ಲಿಂಗಸೂಗೂರಿನ ಕಾಲೇಜಿನಲ್ಲಿ ಪಾಠ ಹೇಳುವ ಒಬ್ಬ ತರುಣ, "ಹಲಗಿ ಬಾರಸೋಣ್ರಿ. ಅದು ಈಗ ಸ್ಟೇಜಿನ ಮ್ಯಾಲ ಬಂದೈತಿ. ನಮ್ಮ ಕಲೆ ಅದು, ನಾಚಿಕಿ ಯಾಕ?" ಎಂದ. ನಮ್ಮ ಹಿರಿಯರು, ನಿವೃತ್ತ ಹೆಡ್‌ಮಾಸ್ತರ ತಿಪ್ಪಣ್ಣ ಸರ್, "ಬ್ಯಾಡಪ್ಪ, ಅದನ್ನ ಬಿಡಾಕ ನಮ್ಮ ಹಿರ್ಯಾರು ಏನೇನು ಉಂಡಾರ ನಿನಗ ಗೊತ್ತಿಲ್ಲ" ಎಂದರು. ಮಾತಿಗೆ ಮಾತು ಬೆಳೆಯಿತು. ಆಗ ಬಾಗಿಲ ಬಳಿ ಕುಳಿತಿದ್ದ ಅಪ್ಪ ಬಾಯಿ ತೆರೆದ. ಸಭೆಗಳಲ್ಲಿ ಅವನು ಮಾತಾಡಿದ್ದನ್ನು ನಾನು ನೋಡಿರಲಿಲ್ಲ.

"ಹುಡುಗ ಹೇಳೋದು ತಪ್ಪಲ್ರಿ ಸರ. ಕಲಿತು ಬಾರಸೋರು ಬಾರಸ್ಲಿ, ನಾ ಕಣ್ತುಂಬ ನೋಡ್ತೀನಿ. ಆದ್ರ ಹಲಗಿ ಸಪ್ಪಳ ಕೇಳಿದ್ರ ನನ್ನ ಕಾಲು ತಾವ ಮೆರವಣಿಗಿ ಮುಂದಕ್ಕ ಓಡ್ತಾವ. ಹಿಂದ ನಡಿಯಾಕ ಬರಂಗಿಲ್ಲ ನನಗ. ಜೀವಮಾನದಾಗ ಒಂದ್ ಸಲ ಬಾಜಾದ ಹಿಂದ ನಡೀಬೇಕಂತ ಆಸಿ ಐತಿ."

ತಿಪ್ಪಣ್ಣ ಸರ್ ಮೆಲ್ಲಗೆ, "ಏನು ಊದಸೋಣಪ್ಪ ದುರುಗಪ್ಪ?" ಎಂದರು.

"ಮದವಿದ್ದು ಬ್ಯಾಡ, ದೇವರದು ಬ್ಯಾಡ, ಪಿಚ್ಚರಿಂದು ಬ್ಯಾಡ. ಅವೆಲ್ಲ ಯಾರದರ ಅದಾವ. ಗುಡ್ಡ ಯಾರದೂ ಅಲ್ಲ. ಗುಡ್ಡದ್ದು ಒಂದು ಹೊಸದು ಕಟ್ಟಸ್ರಿ. ಬರೇ ಊದೋದು. ಬಡಿಯೋದು ಬ್ಯಾಡ."

ಕಾಲೇಜಿನ ತರುಣನೇ ಮೊದಲು ಒಪ್ಪಿದ. ಕಟ್ಟಿಸುವ ಜವಾಬ್ದಾರಿ ನನ್ನ ತಲೆಗೆ ಬಂತು. ಕಚೇರಿಯಲ್ಲಿ ಬಾಯಿ ಜೋರಿರುವವಳು ಬ್ಯಾಂಡಿನವರನ್ನೂ ಸಂಭಾಳಿಸಿಯಾಳು ಎಂದು ಅವರ ಲೆಕ್ಕ.

ಸಿಂಧನೂರಿನ ಗಂಜ್ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಮೌಲಾ ಮಾಸ್ತರರ ಬ್ಯಾಂಡ್ ಕಂಪನಿಯ ಅಂಗಡಿ ಇತ್ತು. ಗೋಡೆಗೆ ಕೆಂಪು ಕೋಟುಗಳು, ಕಪಾಟಿನ ಮೇಲೆ ಹಿತ್ತಾಳೆಯ ವಾದ್ಯಗಳು. ಮಾಸ್ತರರು ಕ್ಲಾರ್ನೆಟ್ ನುಡಿಸುವವರು, ತೆಳ್ಳಗಿನ ಮನುಷ್ಯ, ಮಾತಾಡುವಾಗ ತುಟಿಯನ್ನು ಒಳಗೆಳೆದುಕೊಳ್ಳುವ ಅಭ್ಯಾಸ. ಮದುವೆಗಳಿಗೆಲ್ಲ ಡಿಜೆ ಬಂದು ಅವರ ಕೆಲಸ ಅರ್ಧ ಕುಸಿದಿತ್ತು.

"ಹೊಸದು ಅಂದ್ರ ಯಾವ ಪಿಚ್ಚರಿಂದ್ರಿ ಅಕ್ಕಾರ?"

"ಯಾವ ಪಿಚ್ಚರಿಂದೂ ಅಲ್ರಿ. ನೀವ ಕಟ್ಟಬೇಕು. ಮಸ್ಕಿ ಗುಡ್ಡದ್ದು."

"ಗುಡ್ಡದಾಗ ಏನೈತ್ರಿ ಊದಾಕ? ಬರೇ ಕಲ್ಲು."

"ಕಲ್ಲ ಊದ್ರಿ."

ಅವರು ನಕ್ಕರು. ಡ್ರಮ್ಮು, ತಾಶಾ ಯಾವುದೂ ಬೇಡ ಎಂದಾಗ ಮಾತ್ರ ನಗು ನಿಂತಿತು. "ಹಂಗಾದ್ರ ಕಾಲು ಹ್ಯಾಂಗ ಬೀಳ್ತಾವ್ರಿ? ಮೆರವಣಿಗಿ ಅಂದ್ರ ಬಡಿತ. ಬಡಿತ ಇಲ್ಲದ ಮೆರವಣಿಗಿ ನಾ ನೋಡಿಲ್ಲ." ಅಪ್ಪ ಹೇಳಿದ್ದನ್ನು ಇದ್ದಂತೆ ಹೇಳಿದೆ. ಮಾಸ್ತರರು ಕ್ಲಾರ್ನೆಟ್ಟಿನ ಬಾಯಿಯನ್ನು ಅಂಗಿಯ ಚುಂಗಿನಿಂದ ಒರೆಸಿದರು. "ಈ ಕೆಲಸಕ್ಕ ಬಂದಾಗಿಂದ ಎಲ್ಲಾರೂ ಅದನ್ನ ಊದು, ಇದನ್ನ ಊದು ಅಂದೋರ. ನೀ ಕಟ್ಟು ಅಂದೋರು ಇವತ್ತ ಬಂದೀರಿ. ವೀಳ್ಯ ತರ್ರಿ" ಎಂದರು. ನಮ್ಮ ಕಡೆ ಎಲೆ ಅಡಿಕೆ ಕೈಗೆ ಬೀಳುವವರೆಗೆ ಬಾಜಾದವರ ಮಾತು ಮಾತಲ್ಲ. ಮೂಲೆಯ ಅಂಗಡಿಯಿಂದ ತಂದು ಕೊಟ್ಟೆ. ಎರಡೂ ಕೈಯಲ್ಲಿ ಕೊಡಬೇಕೆಂಬುದು ತಿಳಿಯದೆ ಕಚೇರಿಯಲ್ಲಿ ಫೈಲು ಕೊಟ್ಟ ಹಾಗೆ ಒಂದೇ ಕೈಯಲ್ಲಿ ಚಾಚಿದೆ. ಅವರೇ ನನ್ನ ಇನ್ನೊಂದು ಕೈಯತ್ತ ಕಣ್ಣು ಮಾಡಿ ತಿದ್ದಿದರು.

ಮುಂದಿನ ಭಾನುವಾರ ಮಾಸ್ತರರು, ನಾನು, ಅಪ್ಪ ಮೂವರೂ ಗುಡ್ಡ ನೋಡಲು ಹೊರಟೆವು. ಒಂದೇ ಗುಡ್ಡ ನೋಡಿದರೆ ಸಾಲದೆಂದು ಅವರ ಹಟ. ಹಾಗಾಗಿ ಮೊದಲು ಮುದಗಲ್ಲಿಗೆ ಹೋಗಿ ಕೋಟೆಯ ಬಂಡೆಗಳನ್ನು ನೋಡಿದೆವು, ಅಲ್ಲಿಂದ ಲಿಂಗಸೂಗೂರಿಗೆ ಬಂದು ಬಸ್ಸು ಬದಲಿಸಿ ಮಸ್ಕಿಗೆ. ಸಿಂಧನೂರಿನ ಸೀಮೆ ಅಂಗೈಯಷ್ಟು ಸಪಾಟು. ಅಲ್ಲಿ ಎತ್ತರ ಎಂದರೆ ಕಾಲುವೆಯ ಏರಿ. ಮಾಸ್ತರರು ಈ ದಾರಿಯಲ್ಲಿ ಎಷ್ಟು ಮದುವೆಗಳಿಗೆ ಓಡಾಡಿದ್ದರೋ, ಗುಡ್ಡಗಳನ್ನು ನೋಡಲೆಂದು ನೋಡಿದ್ದು ಅದೇ ಮೊದಲಂತೆ. ದೊಡ್ಡ ಬಂಡೆಯ ಹೆಗಲ ಮೇಲೆ ಸಣ್ಣ ಬಂಡೆ, ಅದರ ಮೇಲೆ ಮತ್ತೊಂದು, ಬೀಳುತ್ತದೆ ಅನ್ನಿಸಿದರೂ ಬೀಳದೆ ನಿಂತದ್ದು. ಕಿಟಕಿಗೆ ಮುಖ ಹಚ್ಚಿ ಅವರು ಮೂಗಿನಲ್ಲೇ ಏನೋ ಗುನುಗುತ್ತಿದ್ದರು. ಕಂಡಕ್ಟರು ಒಮ್ಮೆ ತಿರುಗಿ ನೋಡಿ, "ಆರಾಮ ಅದಾರಿಲ್ರಿ ಇವರು?" ಎಂದು ನನ್ನನ್ನೇ ಕೇಳಿದ.

ಮಸ್ಕಿಯ ಗುಡ್ಡದ ಬುಡದಲ್ಲಿ ಅಪ್ಪ ಒಂದು ಬಂಡೆಗೆ ಬೆನ್ನು ಕೊಟ್ಟು ನಿಂತ. "ಸಣ್ಣಾವ ಇದ್ದಾಗ ಬಿಸಲಾಗ ಇದರ ನೆಳ್ಳಿಗೆ ಮಲಗತಿದ್ದೆ. ಎಬ್ಬಸೋರು ಯಾರೂ ಇರತಿದ್ದಿಲ್ಲ ಇಲ್ಲಿ" ಎಂದ. ಮಾಸ್ತರರು ಬಂಡೆಯನ್ನು ಅಂಗೈಯಿಂದ ತಟ್ಟಿ ನೋಡಿದರು. ಮರಳುವ ಬಸ್ಸಿನಲ್ಲಿ ಅವರು ಹೇಳಿದ್ದು ಇಷ್ಟು: ದೊಡ್ಡ ಬಾಯಿಯ ಹಿತ್ತಾಳೆ ವಾದ್ಯ, ಅವರು ಬಾಸ್ ಎನ್ನುತ್ತಾರೆ, ಅದು ಕೆಳಗೆ ಒಂದೇ ಸ್ವರ ಹಿಡಿದು ಅಲುಗದೆ ಕೂರಬೇಕು. ಅದು ಬಂಡೆ. ಕ್ಲಾರ್ನೆಟ್ಟು ಅದನ್ನು ಬಳಸಿಕೊಂಡು ಹತ್ತುತ್ತ ಹೋಗಬೇಕು, ಎಲ್ಲೂ ಕಡಿಯದೆ, ಒಂದೇ ಏರು. ನೆತ್ತಿ ಮುಟ್ಟಿದಾಗ ಟ್ರಂಪೆಟ್ಟು ಬರಬೇಕು, ಬಿಸಿಲು ಬಿದ್ದ ಹಾಗೆ. ಅವರ ಕಣ್ಣುಗಳು ಹೊಳೆಯುತ್ತಿದ್ದವು. ನನಗೆ ಸಂಗೀತ ತಿಳಿಯದು, ಆದರೂ ಒಬ್ಬ ಮನುಷ್ಯ ತನ್ನದೇ ಒಂದನ್ನು ಮಾಡಲು ಹೊರಟಾಗ ಹೇಗಿರುತ್ತಾನೆ ಎಂಬುದು ಅವತ್ತು ಕಂಡಿತು.

ಅಭ್ಯಾಸ ನಡೆದದ್ದು ಒಂದು ರೈಸ್ ಮಿಲ್ಲಿನ ಅಂಗಳದಲ್ಲಿ. ಕುದಿಸಿದ ಭತ್ತವನ್ನು ಹಗಲೆಲ್ಲ ಅಲ್ಲಿ ಹರವಿ ಒಣಗಿಸುತ್ತಿದ್ದರು. ಸಂಜೆ ರಾಶಿ ಮಾಡಿ ತಾಡಪತ್ರಿ ಮುಚ್ಚಿದ ಮೇಲೆ ನೆಲ ಖಾಲಿ, ಕಾಲಿಗೆ ಇನ್ನೂ ಬೆಚ್ಚಗೆ. ಬ್ಯಾಂಡಿನವರಲ್ಲಿ ಅರ್ಧ ಜನ ಅದೇ ಮಿಲ್ಲಿನ ಹಮಾಲರು. ಟ್ರಂಪೆಟ್ಟಿನ ಬಿಪುಲ್ ಮಾತ್ರ ಬಂಗಾಳಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನಿಂದ ಭತ್ತದ ಗದ್ದೆಯ ಕೆಲಸ ಮುಗಿಸಿ ಬರುತ್ತಿದ್ದ. ಮನೆಯಲ್ಲಿ ಬಂಗಾಳಿ, ಹೊರಗೆ ನಮಗಿಂತ ಚೆಂದದ ಸಿಂಧನೂರು ಕನ್ನಡ. "ನಮ್ಮ ಮುತ್ಯಾನ ದೇಶದಾಗ ಬರೇ ನೀರಂತರಿ ಅಕ್ಕಾ, ಗುಡ್ಡ ಇದ್ದಿಲ್ಲಂತ. ಇಲ್ಲಿಗೆ ಬಂದಾಗ ಗುಡ್ಡ ನೋಡಿ, ಇದು ಮೈಮ್ಯಾಲ ಬಿದ್ರ ಹ್ಯಾಂಗಂತ ಅಂಜಿದ್ನಂತ" ಎಂದು ಹೇಳಿ ನಗಿಸುತ್ತಿದ್ದ.

ಪದವಿಲ್ಲದ ಹೊಸ ಧಾಟಿಯನ್ನು ಅವರ ಬಾಯಿಗೆ ಕೂರಿಸುವುದು ಸುಲಭವಾಗಿರಲಿಲ್ಲ. ಮಾಸ್ತರರು ಒಂದೊಂದು ತುಣುಕನ್ನು ಹಾಡಿ, ಊದಿ, ಬೈದು, ಮತ್ತೆ ಹಾಡಿ ಕಲಿಸುತ್ತಿದ್ದರು. ಮದುವೆಯ ಸೀಜನ್ ಬೇರೆ. ಇವತ್ತು ಇವನಿಲ್ಲ, ನಾಳೆ ಅವನಿಲ್ಲ. ನಾನು ಕಚೇರಿ ಮುಗಿಸಿ ಅಪ್ಪನನ್ನು ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅವನು ಗೋಣಿಚೀಲಗಳ ಮೇಲೆ ಕುಳಿತು ಕೇಳುತ್ತಿದ್ದ, ಒಳ್ಳೆಯದು ಎನ್ನುತ್ತಿರಲಿಲ್ಲ, ಕೆಟ್ಟದು ಎನ್ನುತ್ತಿರಲಿಲ್ಲ.

ಒಂದು ಸಂಜೆ ಅದು ಮೊದಲಿಂದ ಕೊನೆಯವರೆಗೆ ಕೂಡಿಬಂತು. ಬ್ಯಾಂಡಿನವರು ಎರಡು ಸಾಲಾಗಿ ಅಂಗಳದ ಸುತ್ತ ನಡೆಯುತ್ತ ಊದಿದರು. ಕೆಳಗೆ ಬಾಸು ಕದಲದೆ ಹಿಡಿದಿತ್ತು, ಮೇಲೆ ಕ್ಲಾರ್ನೆಟ್ಟು ಒಂದೇ ಉಸಿರಿನಲ್ಲಿ ಏರಿತು. ಅಪ್ಪ ಗೋಣಿಚೀಲದಿಂದ ಎದ್ದ. ಯಾರಿಗೂ ಹೇಳದೆ ಹೋಗಿ ಸಾಲಿನ ಹಿಂದೆ ಸೇರಿಕೊಂಡು ನಡೆಯತೊಡಗಿದ. ಕೈ ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡಿದ್ದ. ಮಿಲ್ಲಿನ ಕಾವಲುಗಾರ ನಕ್ಕದ್ದಕ್ಕೆ ನಾನು ಅವನನ್ನು ಒಂದು ನೋಟ ನೋಡಿದೆ, ನಗು ನಿಲ್ಲಿಸಿದ.

ಹುಣ್ಣಿಮೆಗೆ ಸ್ವಲ್ಪ ದಿನವಿರುವಾಗ ಗುಡ್ಡದ ಮೇಲೇ ಒಂದು ಸಲ ಊದಿ ನೋಡೋಣವೆಂದು ಬೆಳಿಗ್ಗೆ ಎಲ್ಲರೂ ಮಸ್ಕಿಗೆ ಹೋದೆವು. ತಿಪ್ಪಣ್ಣ ಸರ್, ಕಾಲೇಜಿನ ತರುಣ ಎಲ್ಲ ಬಂದಿದ್ದರು. ರಸ್ತೆಯ ಮೇಲೆ ಚೆನ್ನಾಗಿಯೇ ಶುರುವಾಯಿತು. ಕಾಲುದಾರಿ ಏರತೊಡಗಿದ್ದೇ ತಡ, ಬಾಸಿನವನ ಸ್ವರ ನಡುಗಿತು. ಕ್ಲಾರ್ನೆಟ್ಟು ಅರ್ಧದಲ್ಲಿ ಕೀಚಲು ಕೂಗಿತು. ಒಬ್ಬ ಕಲ್ಲೆಡವಿದ, ಅವನ ಹಿಂದಿನವನು ನಿಂತ, ಮುಂದಿನವರು ಊದುತ್ತಲೇ ಹೋದರು. ಇನ್ನೊಂದು ತಿರುವಿನಲ್ಲಿ ಬಾಸಿನವನು ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಕುಳಿತೇಬಿಟ್ಟ. ಎದೆ ತಿದಿಯಂತೆ ಏರಿಳಿಯುತ್ತಿತ್ತು.

ಹತ್ತುವಾಗ ಕಾಲಿಗೆ ಬೇಕಾದ ಉಸಿರು ಬೇರೆ, ಊದಲು ಬೇಕಾದದ್ದು ಬೇರೆ, ಮನುಷ್ಯನಿಗಿರುವುದು ಒಂದೇ ಎದೆ. ಇದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಸಪಾಟು ನೆಲದ ಮೇಲೆ ತಿರುಗಿ ತಿರುಗಿ ಗುಡ್ಡದ ಹಾಡು ಕಲಿತಿದ್ದೆವು. ದೂರದ ಬೆಟ್ಟ ನುಣ್ಣಗೆ ಎಂಬ ಮಾತು ಎಲ್ಲರ ಬಾಯಲ್ಲೂ ಇರುತ್ತದೆ, ಸಿಂಧನೂರಿನವರ ಕಾಲಿಗೆ ಅದು ತಿಳಿದದ್ದು ಅವತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮ ಪಾಲಿಗೆ ನೆಲ ನಿಜವಾಗಿಯೂ ಡೊಂಕಾಗಿತ್ತು.

"ಕಾಲುವಿ ದಂಡಿ ಮನಶ್ಯಾ ಗುಡ್ಡಕ್ಕ ಹಾಡು ಕಟ್ಟಾಕ ಹ್ವಾದ್ನಲ್ರಿ, ನನಗರ ಬುದ್ಧಿ ಬ್ಯಾಡಾ?" ಎಂದು ಮಾಸ್ತರರು ಹಣೆ ಬಡಿದುಕೊಂಡರು. ತಿಪ್ಪಣ್ಣ ಸರ್, "ತೆಳಗ ರಸ್ತೆದಾಗ ಊದ್ರಿ ಸಾಕು, ಗುಡ್ಡ ಸುಮ್ಮನ ಹತ್ತೋಣು" ಎಂದರು. ಕಾಲೇಜಿನ ತರುಣ ಅಂಜುತ್ತಂಜುತ್ತ, "ಬಡಿತ ಇದ್ರ ಕಾಲು ಕೂಡ್ತಾವ್ರಿ, ಸಾಲು ಒಡಿಯಂಗಿಲ್ಲ. ಹಲಗಿ ಬ್ಯಾಡಂದ್ರ ಒಂದು ಸಣ್ಣ ಡ್ರಮ್ಮರ…" ಎಂದು ಅಪ್ಪನ ಮುಖ ನೋಡಿ ಸುಮ್ಮನಾದ. ಇಬ್ಬರೂ ಹೇಳಿದ್ದು ನ್ಯಾಯವಾಗಿಯೇ ಇತ್ತು. ಅಪ್ಪ ಇನ್ನೂ ಕೆಳಗಿದ್ದ, ನಾಲ್ಕು ಹೆಜ್ಜೆ ಹತ್ತಿ, ನಿಂತು, ಮೊಣಕಾಲು ನೀವಿಕೊಂಡು ಬರುತ್ತಿದ್ದ. ನಮ್ಮ ಬಳಿ ಬಂದು, "ಬಿಡ್ರಿ ಸರ. ನನ್ನೊಬ್ಬನ ಸಲುವಾಗಿ ಈ ಮಂದಿ ಎದಿ ಒಡಕೊಳ್ಳಾದು ಬ್ಯಾಡ" ಎಂದ.

ಮನೆಗೆ ಬಂದವನು ಊಟಕ್ಕೆ ಏಳಲಿಲ್ಲ. ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು ಹತ್ತಿರದವರ ಮೇಲೇ ಬೀಳುತ್ತದೆ.

"ಬಿಡ್ರಿ ಅಂತ ಯಾಕ ಅಂದಿ? ಕೇಳಿದ್ದ ಜೀವನದಾಗ ಒಂದು. ಅದನ್ನೂ ಬಿಟ್ಟುಬಿಡ್ತೀಯೇನು?"

"ಹಣೆಬರಹದಾಗ ಇರಬೇಕು ಬೇ" ಎಂದ ಅಪ್ಪ, ಗೋಡೆಯತ್ತ ತಿರುಗಿಕೊಂಡು.

"ನನ್ನ ಹಣೆಬರಹದಾಗ ನೌಕರಿ ಇತ್ತೇನು? ನೀ ಬರಸಿದಿ" ಎಂದೆ. ಅವನು ತಿರುಗಿ ನೋಡಿದ.

ಮರುದಿನ ಸಂಜೆ ಮೌಲಾ ಮಾಸ್ತರರು ತಾವಾಗಿಯೇ ಮನೆಗೆ ಬಂದರು. ವೀಳ್ಯ ತಿರುಗಿ ಕೊಡಲು ಬಂದಿದ್ದರು. ತೆಗೆದುಕೊಂಡ ವೀಳ್ಯವನ್ನು ಮರಳಿಸುವುದು ಬಾಜಾದವರಿಗೆ ದೊಡ್ಡ ಅವಮಾನ. ಚಹಾ ಕೊಟ್ಟರೆ ಮುಟ್ಟಲಿಲ್ಲ. ಅಪ್ಪ ಅವರನ್ನು ಮಂಚದ ಮೇಲೆ ತನ್ನ ಪಕ್ಕ ಕೂರಿಸಿಕೊಂಡ. ಇಬ್ಬರೂ ಸ್ವಲ್ಪ ಹೊತ್ತು ಮೊಣಕಾಲಿನ ನೋವಿನ ಮಾತಾಡಿದರು. ಆಮೇಲೆ ಅಪ್ಪ ಕೇಳಿದ, "ಮಾಸ್ತರ, ನಿನ್ನಿ ನಾ ಹ್ಯಾಂಗ ಹತ್ತಿದೆ ನೋಡಿದ್ರೇನು?"

"ನಿಂತು ನಿಂತು ಹತ್ತಿದ್ರಿ."

"ನಂದೂ ಒಂದ ದಮ್ಮಿನ್ಯಾಗ ಆಗಂಗಿಲ್ಲ. ಮಂದಿನೂ ನನ್ನ ಸಲುವಾಗಿ ನಿಂದರಬೇಕಾಗತೈತಿ. ಹಂಗ ನಿಂತಾಗ ನೀವು ಊದ್ರಿ. ನಡಿಯೋವಾಗ ಬ್ಯಾಡ."

ಮಾಸ್ತರರು ತಲೆಯಾಡಿಸಿದರು. "ಹಂಗ ಬರಂಗಿಲ್ರಿ. ಮೆರವಣಿಗಿ ಅಂದ್ರ ನಡಕೋತ ಊದೋದು. ಒಂದ ಕಡಿ ನಿಂತು ಊದೋದು ಸತ್ತೋರ ಮನಿ ಮುಂದ. ಅದು ಅಪಶಕುನ."

ಅಪ್ಪ ಅವರನ್ನೇ ನೋಡಿದ. "ಸತ್ತೋರ ಮುಂದ ನಿಂದರತೀರಿ. ಬದುಕಿದ್ದೋರ ಮುಂದ ಒಂದ್ ಗಳಿಗಿ ನಿಂತ್ರ ಏನು ಹೋಗತೈತ್ರಿ ಮಾಸ್ತರ?"

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನಗೆ ಕೈಯಲ್ಲಿದ್ದ ಸಾಣಿಗೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಾಸ್ತರರು ಆರಿದ ಚಹಾ ಎತ್ತಿ ಕುಡಿದರು. ವೀಳ್ಯವನ್ನು ಮತ್ತೆ ಕಿಸೆಗೆ ಹಾಕಿಕೊಂಡು ಎದ್ದರು.

ಉಳಿದ ದಿನಗಳಲ್ಲಿ ಅವರು ಆ ಒಂದು ಉದ್ದನೆಯ ಏರನ್ನು ತುಂಡು ಮಾಡಿದರು. ಕಡಿಯಲಾಗದೆಂದು ಹಟ ಹಿಡಿದಿದ್ದವರು ತಾವೇ ಕಡಿದರು. ಒಂದೊಂದು ತುಂಡೂ ಹಿಂದಿನದು ನಿಂತ ಸ್ವರದಿಂದಲೇ ಎದ್ದು, ಅದಕ್ಕಿಂತ ಒಂಚೂರು ಮೇಲೆ ಹೋಗಿ ನಿಲ್ಲುತ್ತಿತ್ತು. ನಡುವೆ ಏನೂ ಇಲ್ಲ. ಅಂಗಳದಲ್ಲಿ ಕೇಳಿದಾಗ ನನಗೆ ಅದು ಮೊದಲಿನಷ್ಟು ಚೆಂದ ಅನ್ನಿಸಲಿಲ್ಲ, ನಿಜ ಹೇಳಬೇಕು. ಎಲ್ಲೋ ಹರಿದುಹೋದಂತಿತ್ತು.

ಹುಣ್ಣಿಮೆಯ ದಿನ ಬಿಸಿಲೇರುವ ಮುಂಚೆ ಹೊರಟೆವು. ಬಿಳಿ ಸೀರೆ, ಬಿಳಿ ಅಂಗಿಗಳ ಸಾಲು, ಮುಂದೆ ಕೆಂಪು ಕೋಟಿನ ಬ್ಯಾಂಡಿನವರು. ಶಾಸನದ ಬಂಡೆಗೆ ಹೂವಿಟ್ಟು ಕಾಲುದಾರಿ ಹಿಡಿದೆವು. ಬ್ಯಾಂಡಿನವರ ಹಿಂದೆ ಮೊದಲ ಸಾಲಿನಲ್ಲಿ ಅಪ್ಪ, ನನ್ನ ತೋಳು ಹಿಡಿದು. ಹತ್ತುವಾಗ ಯಾರೂ ಊದಲಿಲ್ಲ. ಕಲ್ಲಿನ ಮೇಲೆ ಚಪ್ಪಲಿಗಳ ಸಪ್ಪಳ, ಸೀರೆಯ ಸರಬರ, ಯಾರದೋ ಕೂಸಿನ ಅಳು, ಅಷ್ಟೇ. ಅಪ್ಪ ನಿಂತಲ್ಲಿ ಎಲ್ಲರೂ ನಿಲ್ಲುತ್ತಿದ್ದರು. ಉಸಿರು ಹದಕ್ಕೆ ಬಂದ ಮೇಲೆ ಬಾಸು ಎದ್ದು, ಅದರ ಮೇಲೆ ಕ್ಲಾರ್ನೆಟ್ಟು. ಆಗ ನನಗೆ ತಿಳಿಯಿತು: ಅಂಗಳದಲ್ಲಿ ಹರಿದಂತೆ ಕಂಡ ಜಾಗಗಳೆಲ್ಲ ನಾವು ನಡೆಯಲೆಂದು ಬಿಟ್ಟವು. ಊದಿದ್ದು ಬಂಡೆಗಳಿಗೆ ತಗುಲಿ ಕೆಳಗಿನ ಊರಿನ ಕಡೆ ಇಳಿದು ಹೋಗುತ್ತಿತ್ತು. ಗುಡ್ಡದ ಬುಡದಲ್ಲಿ ದನ ಹೊಡೆದುಕೊಂಡು ಹೊರಟವರು ತಲೆಯೆತ್ತಿ ನೋಡುತ್ತ ನಿಂತಿದ್ದರು.

ನೆತ್ತಿ ಕಣ್ಣೆದುರಿಗೆ ಇತ್ತು. ಅಲ್ಲಿ ಅಪ್ಪನ ಕಾಲು ಮಾತು ಕೇಳಲಿಲ್ಲ. ಒಂದು ಕಲ್ಲಿನ ಮೇಲೆ ಕುಳಿತು, "ನೀವು ಹೋಗ್ರಿ. ನಾ ಇಲ್ಲೇ ಕುಂತು ಕೇಳ್ತೀನಿ" ಎಂದ. ಹೊತ್ತು ಏರುತ್ತಿತ್ತು, ಹೆಂಗಸರು ಮಕ್ಕಳು ದಣಿದಿದ್ದರು. ತಿಪ್ಪಣ್ಣ ಸರ್ ಏನು ಮಾಡುವುದೆಂದು ನನ್ನನ್ನು ನೋಡಿದರು. ಇಷ್ಟು ಮಾಡಿಯೂ ಕೊನೆಗೆ ಅವನು ಹಿಂದುಳಿಯುವುದೇ ಆಯಿತಲ್ಲ ಎಂದುಕೊಂಡೆ. ಮೇಲಿದ್ದ ಮಾಸ್ತರರು ಕ್ಲಾರ್ನೆಟ್ಟು ಕಂಕುಳಲ್ಲಿಟ್ಟುಕೊಂಡು ಇಳಿದು ಬಂದರು.

"ನೆತ್ತಿ ಸಲುವಾಗಿ ಕಟ್ಟಿದ್ದಲ್ರಿ ಇದು" ಎಂದು ಸರ್‌ಗೆ ಹೇಳಿ, ತಮ್ಮವರನ್ನು ಕೈಬೀಸಿ ಕರೆದರು. ಬ್ಯಾಂಡಿನವರು ಅಪ್ಪನೆದುರು ಇಳಿಜಾರಿನ ಮೇಲೆ ಎರಡು ಸಾಲಾಗಿ ನಿಂತರು. ನೆತ್ತಿಗೆಂದು ಇಟ್ಟುಕೊಂಡಿದ್ದ ಕೊನೆಯ ತುಂಡನ್ನು ಅಲ್ಲಿಯೇ ಎತ್ತಿದರು. ಬಿಪುಲನ ಟ್ರಂಪೆಟ್ಟು ಬಂತು. ಅಪ್ಪ ಕಣ್ಣು ಮುಚ್ಚಲಿಲ್ಲ, ಅಳಲಿಲ್ಲ. ಬಾಯಿ ಚೂರು ತೆರೆದು, ಶಾಲೆಯಲ್ಲಿ ಕುಳಿತ ಹುಡುಗನ ಹಾಗೆ ಕೇಳುತ್ತಿದ್ದ.

ಹಾಡು ಮುಗಿಯಿತು ಅಂದುಕೊಂಡೆ. ಮುಗಿಯಲಿಲ್ಲ. ಕೊನೆಯ ಸಾಲನ್ನೇ ಮತ್ತೊಮ್ಮೆ ಊದಿದರು, ಇನ್ನೊಮ್ಮೆ ಊದಿದರು. ಬಾಸಿನವನ ಕೊರಳ ನರಗಳು ಉಬ್ಬಿದ್ದವು, ಬಿಪುಲನ ಮುಖ ಕೆಂಪೇರಿತ್ತು. ಎಲ್ಲರ ಕಣ್ಣೂ ಅಪ್ಪನ ಮೇಲೆ. ಆಗ ನನಗೆ ಹೊಳೆಯಿತು. ಕರೆಸಿದ ಯಜಮಾನ ಕೈ ಎತ್ತುವವರೆಗೆ ಬಾಜಾದವರು ತಾವಾಗಿ ನಿಲ್ಲಿಸುವಂತಿಲ್ಲ. ಕೆಳಗಿನ ನಿಲುಗಡೆಗಳಲ್ಲೆಲ್ಲ ಮುಂದೆ ನಿಂತ ತಿಪ್ಪಣ್ಣ ಸರ್ ಕೈ ಎತ್ತಿದ್ದರು. ಈಗ ಸರ್ ಎತ್ತಿದರೂ ಅವರು ನೋಡುತ್ತಿರಲಿಲ್ಲ. ಈ ಕಟ್ಟಳೆ ಅಪ್ಪನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ರಟ್ಟೆ ಸೋತು ಬಿದ್ದುಹೋಗುವಂತಾದರೂ ಅಂಥದೊಂದು ಕೈಗಾಗಿ ಕಾಯುತ್ತ ಅವನು ಹರೆಯವನ್ನೆಲ್ಲ ಕಳೆದಿದ್ದ. ಆ ಕೈ ತನ್ನದೂ ಆಗಬಹುದು ಎಂಬುದು ಮಾತ್ರ ಅವನಿಗೆ ಹೊಳೆಯಲಿಲ್ಲ.

ಬಗ್ಗಿ ಅವನ ಕಿವಿಯಲ್ಲಿ, "ಅಪ್ಪಾ, ಕೈಗೆ ಕಾಯಾಕತ್ತಾರ" ಎಂದೆ.

ಅವನು ಹಿಂದಕ್ಕೆ ತಿರುಗಿ ನೋಡಿದ. ತನ್ನ ಹಿಂದೆ ಯಾರು ನಿಂತಿದ್ದಾರೆಂದು ನೋಡಿದ. ಅಲ್ಲಿ ಬಂಡೆ ಬಿಟ್ಟು ಯಾರೂ ಇರಲಿಲ್ಲ.

"ನಿನ್ನ ಕೈಗೆ, ಅಪ್ಪಾ."

ಅಪ್ಪ ಬಲಗೈಯನ್ನು ಮಡಿಲಿಂದ ಬಿಡಿಸಿ ಎತ್ತಿದ. ಹೆಗಲಿನವರೆಗೂ ಬರಲಿಲ್ಲ ಅದು. ಆದರೂ ಬಾಜಾ ನಿಂತಿತು.

ನನಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ. ಮುಖ ಒರೆಸಿಕೊಂಡು ನೀರಿನ ಕ್ಯಾನು ಎತ್ತಿದೆ. ನನ್ನ ಬಳಿ ಇದ್ದದ್ದು ಒಂದೇ ಸ್ಟೀಲ್ ಲೋಟ, ಅಪ್ಪನಿಗೆಂದು ತಂದದ್ದು. ಬಿಪುಲ್ ಟ್ರಂಪೆಟ್ಟನ್ನು ಕಂಕುಳಿಗೆ ಸಿಕ್ಕಿಸಿ, ಬಗ್ಗಿ, ಬೊಗಸೆ ಒಡ್ಡಿದ. ನಾನು ಕ್ಯಾನು ಬಗ್ಗಿಸಿದೆ.

"ತಡಿ ಬೇ" ಎಂದ ಅಪ್ಪ. "ಬೊಗಸಿಗೆ ಹಾಕಬ್ಯಾಡ. ಬೊಗಸಿ ನೀರು ನಾ ಕುಡದದ್ದು ಸಾಕು. ನನ್ನ ಲೋಟಾದಾಗ ಕೊಡು."

ಲೋಟಕ್ಕೆ ನೀರು ಹಾಕಿ ಬಿಪುಲನಿಗೆ ಕೊಟ್ಟೆ, ಎರಡೂ ಕೈಯಲ್ಲಿ. ಅವನು ಕುಡಿದು ಬಾಸಿನವನಿಗೆ ದಾಟಿಸಿದ. ಅವನಿಂದ ಮಾಸ್ತರರಿಗೆ, ಮಾಸ್ತರರಿಂದ ಉಳಿದವರಿಗೆ. ಎಲ್ಲರೂ ಕುಡಿದಾದ ಮೇಲೆ ಅದೇ ಲೋಟದಲ್ಲಿ ಅಪ್ಪ ಕುಡಿದ.